ಚಳಿಗಾಲದ ತಾಲೀಮು: ಅಮೆರಿಕದ ಕಾಲೇಜು ದೋಣಿ ಮತ್ತು ಬೇಸ್‌ಬಾಲ್ ತಂಡಗಳು (1852–1880)

ಅಮೆರಿಕದ ಈಶಾನ್ಯ ರಾಜ್ಯಗಳ ಕಾಲೇಜು ತಂಡಗಳು ವಸಂತ ಹಾಗೂ ಬೇಸಿಗೆಯ ಪಂದ್ಯಗಳಿಗಾಗಿ ಚಳಿಗಾಲದಲ್ಲಿ ಸೂರಿನಡಿ ನಡೆಸುತ್ತಿದ್ದ ಅಭ್ಯಾಸ. ನದಿಗಳು ಹೆಪ್ಪುಗಟ್ಟಿ ಮೈದಾನಗಳ ಮೇಲೆ ಹಿಮ ಬೀಳುತ್ತಿದ್ದ ಆ ಸೀಮೆಯಲ್ಲಿ ಹುಟ್ಟು ಹಾಕುವವರಿಗೂ ಚೆಂಡಾಟದವರಿಗೂ ವ್ಯಾಯಾಮಶಾಲೆಯೇ ಗತಿಯಾಗಿತ್ತು.

ಆರಂಭದಲ್ಲಿ ಈ ಶಿಸ್ತು ಇರಲಿಲ್ಲ. 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ದೋಣಿಗಳು ಎದುರುಬದುರಾದವು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ ಇದೇ. ಖರ್ಚು ಹೊತ್ತದ್ದು ಪ್ರವಾಸಿಗರನ್ನು ಸೆಳೆಯಬೇಕಿದ್ದ ರೈಲ್ವೆ ಕಂಪನಿ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆಂದು ಹಾರ್ವರ್ಡ್‌ನವರು ಅಭ್ಯಾಸವನ್ನೇ ಕಡಿಮೆ ಮಾಡಿದ್ದರೆಂದು ಹೇಳುವುದುಂಟು. ಗೆದ್ದವರೂ ಅವರೇ. ಬೇಸ್‌ಬಾಲ್‌ನ ಮೊದಲ ಅಂತರಕಾಲೇಜು ಪಂದ್ಯ 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ ನಡೆಯಿತು. ಆಮ್ಹರ್ಸ್ಟ್ ತಂಡ ವಿಲಿಯಮ್ಸ್ ತಂಡವನ್ನು 73–32ರಿಂದ ಸೋಲಿಸಿತು.  

ಜಾರುಪೀಠ. ದೋಣಿಯವರ ತಾಲೀಮಿನ ದಿಕ್ಕನ್ನೇ ತಿರುಗಿಸಿದ್ದು ತರಬೇತುದಾರರಿಗಿಂತ ಹೆಚ್ಚಾಗಿ ಕೂರುವ ಹಲಗೆ ಎನ್ನಬಹುದು. ಹಲಗೆ ಅಲುಗದೆ ಇದ್ದಷ್ಟು ಕಾಲ ಹುಟ್ಟಿನ ಎಳೆತವೆಲ್ಲ ಬೆನ್ನು ತೋಳುಗಳ ಮೇಲೆಯೇ ಬೀಳುತ್ತಿತ್ತು. ಕಾಲುಗಳದು ಒದೆಕೊಟ್ಟು ನಿಲ್ಲುವ ಕೆಲಸ ಮಾತ್ರ. 1870ರಲ್ಲಿ ಯೇಲ್ ತಂಡದವರು ನುಣುಪಾದ ಉದ್ದನೆಯ ಪೀಠಗಳ ಮೇಲೆ ಜಿಡ್ಡು ಸವರಿದ ಚರ್ಮದ ಚಡ್ಡಿ ತೊಟ್ಟು ಹಿಂದೆಮುಂದೆ ಜಾರಿದರು. ಮೊಣಕಾಲು ಮಡಚಿ ಮುಂದಕ್ಕೆ ಸರಿದರೆ ಹುಟ್ಟಿನ ಅಲಗು ದೋಣಿಯ ಇನ್ನಷ್ಟು ಮುಂದೆ ನೀರಿಗಿಳಿಯುತ್ತದೆ. ಕಾಲು ಚಾಚಿದಾಗ ತೊಡೆಯ ಬಲವೂ ಎಳೆತಕ್ಕೆ ಸೇರುತ್ತದೆ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಜೆ. ಸಿ. ಬ್ಯಾಬ್‌ಕಾಕ್ ಪೀಠವನ್ನೇ ಜಾರಿಸುವ ಪ್ರಯೋಗ ನಡೆಸಿದ್ದರು. ಮುಂದೆ ಗಾಲಿಗಳ ಮೇಲೆ ಓಡುವ ಪೀಠ ಬಂದು ಜಿಡ್ಡಿನ ಚಡ್ಡಿಗೆ ವಿದಾಯ ಸಿಕ್ಕಿತು. ಬರೀ ತೋಳು ಬೆಳೆಸಿದರೆ ಸಾಲದೆಂಬುದು ಆಗ ಖಚಿತವಾಯಿತು. 1872ರಲ್ಲಿ ಡಬ್ಲ್ಯು. ಬಿ. ಕರ್ಟಿಸ್, ನೆಲದ ಮೇಲೆಯೇ ಹುಟ್ಟು ಹಾಕುವ ಅಭ್ಯಾಸಕ್ಕಾಗಿ ದ್ರವದ ತಡೆಯಿಂದ ಎಳೆತಕ್ಕೆ ಬಿಗಿ ಕೊಡುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು.

ಯೇಲ್‌ನ ರಾಬರ್ಟ್ ಕುಕ್ 1872–73ರ ಚಳಿಗಾಲವನ್ನು ಇಂಗ್ಲೆಂಡಿನಲ್ಲಿ ಕಳೆದು ಅಲ್ಲಿನ ಹುಟ್ಟಿನ ವರಸೆ ಕಲಿತು ಬಂದರು. ಹಾಗೆಂದು ದೀರ್ಘ ಸಿದ್ಧತೆಯೇ ಸದಾ ಗೆದ್ದಿತೆನ್ನಲಾಗದು. 1871ರಲ್ಲಿ ಕನೆಕ್ಟಿಕಟ್ ನದಿಯಲ್ಲಿ ಹಾರ್ವರ್ಡ್ ಹಾಗೂ ಬ್ರೌನ್ ತಂಡಗಳನ್ನು ಹಿಂದಿಕ್ಕಿದ್ದು ದೋಣಿಯಾಟಕ್ಕೆ ಹೊಸದಾಗಿದ್ದ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಹುಡುಗರು; ಅವರನ್ನು ತಿದ್ದಿದ್ದು ವೃತ್ತಿಪರ ಹುಟ್ಟುಗಾರ ಜಾಷ್ ವಾರ್ಡ್.

ವ್ಯಾಯಾಮಶಾಲೆ. 1879ರಲ್ಲಿ ಹಾರ್ವರ್ಡ್‌ನ ಹೆಮೆನ್‌ವೇ ವ್ಯಾಯಾಮಶಾಲೆಯ ಹೊಣೆ ವಹಿಸಿಕೊಂಡ ಡಡ್ಲಿ ಸಾರ್ಜೆಂಟ್, ರಾಟೆ, ಹಗ್ಗ, ತೂಕದ ಗುಂಡುಗಳ ಸಾಧನಗಳನ್ನು ಬಳಕೆಗೆ ತಂದರು. ವಿದ್ಯಾರ್ಥಿಗಳ ಎದೆ, ತೋಳು, ತೊಡೆಗಳ ಸುತ್ತಳತೆ ತೆಗೆದು, ಅವರವರ ಕೊರತೆಗೆ ತಕ್ಕ ಕಸರತ್ತು ಗೊತ್ತುಮಾಡುವುದು ಅವರ ಪದ್ಧತಿ.

ಮುಖಕವಚ. ಬೇಸ್‌ಬಾಲ್‌ಗೆ ಈ ಒಳಾಂಗಣ ತಿಂಗಳುಗಳು ಕೊಟ್ಟ ದೊಡ್ಡ ಕೊಡುಗೆ, ಬ್ಯಾಟುಗಾರನ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್‌ನ ಮುಖಕವಚ. ಬ್ಯಾಟಿನ ಅಂಚಿಗೆ ತಾಗಿ ಚಿಮ್ಮಿದ ಚೆಂಡು ಹಿಂದೆ ನಿಂತವನ ಮುಖಕ್ಕೇ ಬಡಿಯುತ್ತಿತ್ತು. ಹಾರ್ವರ್ಡ್‌ನ ಜೇಮ್ಸ್ ಟಿಂಗ್ ಒಳ್ಳೆಯ ಆಟಗಾರ. ಆದರೆ ಆ ಏಟುಗಳನ್ನು ಉಂಡು ಆ ಜಾಗದಲ್ಲಿ ನಿಲ್ಲಲು ಹಿಂಜರಿಯುತ್ತಿದ್ದರು. ನಾಯಕ ಫ್ರೆಡರಿಕ್ ಥೇಯರ್ ಕತ್ತಿವರಸೆಯ ಮುಖವಾಡದ ಮಾದರಿ ಹಿಡಿದು ಕೇಂಬ್ರಿಜ್‌ನ ತಗಡಿನ ಕೆಲಸಗಾರನೊಬ್ಬನಿಂದ ಕವಚ ಮಾಡಿಸಿದರು. ಕತ್ತಿಮೊನೆ ತಡೆಯುವ ಸಣ್ಣ ಜಾಲರಿಯ ಬದಲು, ನೋಟಕ್ಕೆ ಅಡ್ಡಿಯಾಗದಂತೆ ದಪ್ಪ ಸರಳುಗಳನ್ನು ಅಗಲವಾಗಿ ಹೆಣೆಯಲಾಗಿತ್ತು. 1876–77ರ ಚಳಿಗಾಲದಲ್ಲಿ ವ್ಯಾಯಾಮಶಾಲೆಯೊಳಗೇ ಅದರ ಪರೀಕ್ಷೆ ನಡೆಯಿತೆಂದು ಥೇಯರ್ ಮುಂದೆ ನೆನಪಿಸಿಕೊಂಡಿದ್ದಾರೆ. 1877ರ ಏಪ್ರಿಲ್‌ನಲ್ಲಿ ಟಿಂಗ್ ಅದನ್ನು ತೊಟ್ಟು ಪಂದ್ಯಕ್ಕೆ ಇಳಿದರು. ಪೇಟೆಂಟ್ ದೊರೆತದ್ದು 1878ರ ಫೆಬ್ರವರಿ 12ರಂದು. ಆ ವರ್ಷದ ಆಟದ ಋತು ಇನ್ನೂ ಶುರುವಾಗಿರಲಿಲ್ಲ.