ಕೆರೆಯ ನೀರು ಯಾರ ಲೆಕ್ಕಕ್ಕೆ? ಮೈಸೂರು ಬಯಲುಸೀಮೆಯ ನೀರಾವರಿಯ ಆರ್ಥಿಕ ಇತಿಹಾಸ

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೆರೆಗಳು ಹೂಳು ತುಂಬಿ ಕೆಟ್ಟದ್ದಕ್ಕೆ ಸಾಮಾನ್ಯವಾಗಿ ಕೇಳಿಬರುವ ಕಾರಣ ಒಂದೇ: ಊರಿನ ಒಗ್ಗಟ್ಟು ಮುರಿಯಿತು, ಹಿಂದಿನವರಿಗಿದ್ದ ಧರ್ಮಬುದ್ಧಿ ಇಂದಿನವರಿಗಿಲ್ಲ. ಶಾಸನಗಳನ್ನೂ ಕಂದಾಯದ ಇತಿಹಾಸವನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಈ ಮಾತು ನಿಲ್ಲುವುದಿಲ್ಲ. ಬದಲಾದದ್ದು ಜನರ ಸ್ವಭಾವಕ್ಕಿಂತ ಹೆಚ್ಚಾಗಿ ನೀರಿನ ಲೆಕ್ಕ. ವರ್ಷಕ್ಕೆ ಆರು ನೂರೋ ಏಳು ನೂರೋ ಮಿಲಿಮೀಟರು ಮಳೆ, ಅದೂ ಹದ ತಪ್ಪಿ ಬೀಳುವ ಸೀಮೆಯಲ್ಲಿ ಬೆದ್ದಲು ಭೂಮಿ ಕೊಡುತ್ತಿದ್ದದ್ದು ರಾಗಿ, ಹುರುಳಿ, ಅವರೆ. ಅದೇ ಭೂಮಿ ಕೆರೆಯ ಕೆಳಗೆ ಬಿದ್ದರೆ ಭತ್ತ, ಕಬ್ಬು, ಅಡಿಕೆ, ತೆಂಗು. ಈ ಎರಡು ಫಸಲುಗಳ ನಡುವಿನ ಅಂತರವೇ ನೀರಿನ ಆರ್ಥಿಕ ಮೌಲ್ಯ. ಹಳೆಯ ವ್ಯವಸ್ಥೆ ಆ ಅಂತರದಲ್ಲಿ ಒಂದು ಪಾಲನ್ನು ಕೆರೆಯ ಖರ್ಚಿಗೆಂದು ಕೆರೆಯ ಕೆಳಗೇ ಉಳಿಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಪಾಲು ನಗದು ಕಂದಾಯದಲ್ಲಿ ಕರಗಿ ಖಜಾನೆ ಸೇರಿತು. ಕೆರೆಗಳ ಅವನತಿಯ ಕಥೆಯಲ್ಲಿ ಈ ಬದಲಾವಣೆಗೆ ಸಲ್ಲಬೇಕಾದ ಜಾಗ ಸಂದಿಲ್ಲ ಎಂಬುದು ಈ ಲೇಖನದ ವಾದ.

ಶಾಸನಗಳಲ್ಲಿ ಬಿತ್ತುವಟ್ಟ, ದಸವಂದ, ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಹೆಸರುಗಳು ಗಂಗರ ಕಾಲದಿಂದ ವಿಜಯನಗರದವರೆಗೆ ಮತ್ತೆ ಮತ್ತೆ ಬರುತ್ತವೆ. ವಿವರಗಳಲ್ಲಿ ಇವು ಬೇರೆ ಬೇರೆ. ಒಂದೇ ಹೆಸರಿನ ಕೊಡುಗೆಯೂ ಊರಿಂದೂರಿಗೆ ಬೇರೆಯಾಗುತ್ತಿತ್ತು. ತರ್ಕ ಮಾತ್ರ ಎಲ್ಲ ಕಡೆ ಒಂದೇ. ಕೆರೆ ಕಟ್ಟಿಸಿದವನಿಗೋ ಒಡೆದ ಕೆರೆ ದುರಸ್ತಿ ಮಾಡಿಸಿದವನಿಗೋ ಅದೇ ಅಚ್ಚುಕಟ್ಟಿನಲ್ಲಿ ತೆರಿಗೆಯಿಲ್ಲದ, ಇಲ್ಲವೇ ಅಲ್ಪ ತೆರಿಗೆಯ ಗದ್ದೆ. ನೀರು ಬಂದರೆ ಮಾತ್ರ ಆ ಗದ್ದೆಗೆ ಬೆಲೆ. ಏರಿ ಒಡೆದರೆ, ತೂಬು ಕಟ್ಟಿಕೊಂಡರೆ ಕೊಡುಗೆಯೂ ಬೆದ್ದಲಾಗುತ್ತದೆ. ಹೀಗೆ ಕೆರೆ ನೋಡಿಕೊಳ್ಳಬೇಕಾದವನ ಆದಾಯವನ್ನು ಕೆರೆಯ ಸ್ಥಿತಿಗೇ ಕಟ್ಟಿಹಾಕಲಾಗಿತ್ತು. ಹೂಳು ಸಾಗಿಸುವ ಬಂಡಿಗಳಿಗೆಂದೇ ದತ್ತಿ ಬಿಟ್ಟ ಶಾಸನಗಳಿವೆ. ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಪುಣ್ಯಕಾರ್ಯವಲ್ಲ, ವರ್ಷವರ್ಷವೂ ಬರುವ ಖರ್ಚು ಎಂಬ ತಿಳಿವಳಿಕೆ ಅವುಗಳ ಹಿಂದಿದೆ. ಶಾಸನದ ಕೊನೆಯ ಶಾಪಾಶಯದ ಸಾಲುಗಳನ್ನೇ ಎತ್ತಿ ಆಡಿ, ನಡುವಿನ ಜಮೀನಿನ ಲೆಕ್ಕವನ್ನು ದಾಟಿಹೋಗುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ.

ರಾಜ್ಯವೂ ಇದೇ ಲೆಕ್ಕ ಹಾಕುತ್ತಿತ್ತು ಎನ್ನುವುದಕ್ಕೆ ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್ ಕೊಡುವ ಒಂದು ವಿವರ ತುಂಬ ಉಪಯುಕ್ತ. ಕೃಷ್ಣದೇವರಾಯ ಹೊಸಪೇಟೆಯ ಬಳಿ ಕಟ್ಟಿಸಿದ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟನೆಂದೂ, ತಾನು ಬರೆಯುವ ಹೊತ್ತಿಗೆ ಅದರ ಹುಟ್ಟುವಳಿ 20,000 ಪರ್ದಾವೊ ಚಿನ್ನದ ನಾಣ್ಯಗಳಿಗೆ ಏರಿತ್ತೆಂದೂ ಅವನು ಹೇಳುತ್ತಾನೆ. ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಪರದೇಶಿಗಳ ಬರಹದಲ್ಲಿ ದುಂಡು ಸಂಖ್ಯೆಗಳು ಹೇರಳ. ಗಮನಿಸಬೇಕಾದದ್ದು ಒಂಬತ್ತು ವರ್ಷದ ವಿನಾಯಿತಿ. ಬೆದ್ದಲನ್ನು ಗದ್ದೆ ಮಾಡುವುದೆಂದರೆ ಮಟ್ಟ ಮಾಡಬೇಕು, ಬದು ಹಾಕಬೇಕು, ಕಾಲುವೆ ತೆಗೆಯಬೇಕು. ಆ ಬಂಡವಾಳ ರೈತನದು. ಅದು ಕೈಗೆ ಮರಳುವವರೆಗೆ ಕಾದು ಆಮೇಲೆ ಪಾಲು ಕೇಳಿದ ಅರಸನಿಗೆ, ನೀರಿನ ಮೌಲ್ಯ ಏರಿ ಕಟ್ಟಿ ಮುಗಿಸಿದ ದಿನವೇ ಹುಟ್ಟುವುದಿಲ್ಲ ಎಂಬುದು ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನದಲ್ಲಿ ವೆಚ್ಚದ ಮುಖ ಕಾಣುತ್ತದೆ: ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗಿರಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ.

ಇದೆಲ್ಲ ಹಳೆಯದರ ವೈಭವೀಕರಣವಲ್ಲವೇ ಎಂಬ ಆಕ್ಷೇಪ ಸಹಜ. ಶಾಸನ ದಾನಿಯ ಹೆಸರು ಕೆತ್ತುತ್ತದೆ, ಮಣ್ಣು ಹೊತ್ತವರ ಹೆಸರನ್ನಲ್ಲ. ತೂಬಿನ ಹತ್ತಿರದ ಗದ್ದೆ ಯಾರದು, ಅಚ್ಚುಕಟ್ಟಿನ ಕೊನೆಯ ಮಡಿ ಯಾರದು ಎಂಬುದು ಜಾತಿಯ ಪ್ರಶ್ನೆಯೂ ಹೌದು. ನೀರು ಹಂಚುವ ನೀರುಗಂಟಿ ಅನೇಕ ಕಡೆ ದಲಿತ. ಅವನು ಕೈಯಲ್ಲಿ ಇಡೀ ಊರಿನ ನೀರು ಹಿಡಿದಿದ್ದರೂ ಕಣದ ರಾಶಿಯಿಂದ ಅವನಿಗೆ ಸಿಗುತ್ತಿದ್ದ ಪಾಲು ಸಣ್ಣದು. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ಆದರೆ ಅದು ವ್ಯವಸ್ಥೆ ನ್ಯಾಯಯುತವಾಗಿತ್ತು ಎಂಬ ಮಾತನ್ನು ಅಲ್ಲಗಳೆಯುತ್ತದೆಯೇ ಹೊರತು ಕೆರೆಯ ಖರ್ಚು ಕೆರೆಯ ಹುಟ್ಟುವಳಿಯಿಂದಲೇ ಬರುತ್ತಿತ್ತು ಎಂಬ ಮಾತನ್ನಲ್ಲ. ಹಿಂದೆಯೂ ಕೆರೆಗಳು ಒಡೆಯುತ್ತಿದ್ದವು ಎಂಬ ಎರಡನೆಯ ಆಕ್ಷೇಪವಂತೂ ನನ್ನ ವಾದಕ್ಕೆ ಒತ್ತಾಸೆಯೇ ಆಗುತ್ತದೆ. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದ್ದಕ್ಕೆ ಗದ್ದೆ ಕೊಟ್ಟ ಶಾಸನಗಳು ಇಷ್ಟೊಂದು ಇರುವುದೇಕೆ? ಕೆಡುವುದು ಕೆರೆಯ ಸ್ವಭಾವ. ಕೆಟ್ಟದ್ದನ್ನು ಸರಿಮಾಡಲು ಹಣ ಹೂಡುವವನಿಗೆ ಲಾಭ ಕಾಣುತ್ತಿತ್ತು.

ಈ ಲೆಕ್ಕ ಬದಲಾದದ್ದು ಆಮೇಲೆ. ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಮೈಸೂರಿನಲ್ಲಿ 1860ರ ದಶಕದ ಸರ್ವೆ ಸೆಟಲ್‌ಮೆಂಟ್ ಭೂಮಿಯನ್ನು ಖುಷ್ಕಿ (ಬೆದ್ದಲು), ತರಿ (ಗದ್ದೆ), ಬಾಗಾಯ್ತು (ತೋಟ) ಎಂದು ವಿಂಗಡಿಸಿ, ಮೂವತ್ತು ವರ್ಷಕ್ಕೆ ನಗದು ಕಂದಾಯ ಗೊತ್ತುಮಾಡಿತು. ನೀರಿನ ಬೆಲೆ ತರಿಯ ದರದೊಳಗೆ ಸೇರಿಹೋಯಿತು. ರೈತನಿಗೆ ಇದರಿಂದ ಲಾಭವೂ ಇತ್ತು: ಕಣದಲ್ಲಿ ರಾಶಿ ಅಳೆಯುವ ಅಧಿಕಾರಿಯ ಕಾಟ ತಪ್ಪಿತು, ಕೊಡಬೇಕಾದದ್ದು ಎಷ್ಟೆಂದು ಮುಂಚಿತವಾಗಿ ತಿಳಿಯಿತು. ಸೆಟಲ್‌ಮೆಂಟನ್ನು ಬರೀ ಸುಲಿಗೆ ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಆದರೆ ತರಿ ಕಂದಾಯದಲ್ಲಿ ಒಂದು ನಿರ್ದಿಷ್ಟ ಕೆರೆಯಿಂದ ಬಂದ ರೂಪಾಯಿ ಅದೇ ಕೆರೆಗೆ ಮರಳಬೇಕೆಂಬ ಕಟ್ಟುಪಾಡು ಇರಲಿಲ್ಲ. ದುರಸ್ತಿ ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿಗೆ ಬಿತ್ತು. ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1866ರ ಸುಮಾರಿಗೆ ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದ. ಅಷ್ಟು ಕೆರೆಗಳನ್ನು ಒಂದು ಇಲಾಖೆ ನೋಡಿಕೊಳ್ಳುವುದು ಹೇಗೆ? 1876–78ರ ಬರಗಾಲದ ಆಚೆಈಚೆ ಮೈಸೂರಿನ ಜನಸಂಖ್ಯೆ 1871ರ ಸುಮಾರು 50 ಲಕ್ಷದಿಂದ 1881ರಲ್ಲಿ 42 ಲಕ್ಷಕ್ಕೆ ಇಳಿದು, ದುಡಿಯುವ ಕೈಗಳೂ ಕಡಿಮೆಯಾದವು. ಆಮೇಲೆ ಸರ್ಕಾರದ ಹಣ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಂಥ ದೊಡ್ಡ ಕಾಮಗಾರಿಗಳಿಗೂ ಹಂಚಿಹೋಯಿತು. 1911ರ ಟ್ಯಾಂಕ್ ಪಂಚಾಯ್ತಿ ಕಾಯಿದೆ ಊರವರ ಹೊಣೆಯನ್ನು ಮತ್ತೆ ನೆನಪಿಸಿತು, ಆದರೆ ಹೊಣೆಯ ಜೊತೆಗೆ ಹಿಂದೆ ಇದ್ದ ಗದ್ದೆಯ ಪಾಲು ಬರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಇದಕ್ಕೂ ಅರ್ಧ ಶತಮಾನ ಮೊದಲು, 1858ರಲ್ಲೇ, ಕುಡಿಮರಾಮತ್ತಿನ, ಅಂದರೆ ಊರವರೇ ಸೇರಿ ಕೆರೆ-ಕಾಲುವೆ ದುರಸ್ತಿ ಮಾಡುವ, ದುಡಿಮೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿದ್ದರು. ಕಾನೂನಿನಿಂದ ಕಡ್ಡಾಯ ಮಾಡಬೇಕಾಗಿ ಬಂತೆಂದರೆ, ದುಡಿದವನಿಗೆ ಅದರ ಫಲ ಆಗಲೇ ಕಾಣದಂತಾಗಿತ್ತೆಂದು ಅರ್ಥ. ಕೊನೆಗೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಚಾಕರಿಯನ್ನು ತೆಗೆದುಹಾಕಿತು. ಸಾಮಾಜಿಕವಾಗಿ ಅದು ಬೇಕಾಗಿತ್ತು. ತೂಬು ತೆಗೆದು ಮುಚ್ಚುವ ಕೆಲಸಕ್ಕೆ ಕೂಲಿ ಯಾರು ಕೊಡಬೇಕೆಂಬ ಪ್ರಶ್ನೆ ಹಾಗೇ ಉಳಿಯಿತು.

ಗಟ್ಟಿಯಾದ ಇನ್ನೊಂದು ಆಕ್ಷೇಪ ಅರ್ಥಶಾಸ್ತ್ರದ ಕಡೆಯಿಂದ ಬರುತ್ತದೆ. ಒಣಸೀಮೆಯಲ್ಲಿ ಆಳವಿಲ್ಲದ ಕೆರೆಯಲ್ಲಿ ನೀರು ನಿಲ್ಲಿಸಿ, ಅದರಲ್ಲಿ ಎಷ್ಟೋ ಪಾಲು ಆವಿಯಾಗಲು ಬಿಟ್ಟು, ಉಳಿದದ್ದರಲ್ಲಿ ಭತ್ತ ಬೆಳೆಯುವುದು ದುಂದು. ಅದೇ ನೀರನ್ನು ಬಾವಿಯಿಂದ ಎತ್ತಿ ರೇಷ್ಮೆಗೋ ತರಕಾರಿಗೋ ಹಾಯಿಸಿದರೆ ಎಕರೆಗೆ ಬರುವ ಹಣ ಬಹಳ ಹೆಚ್ಚು. ಭತ್ತದ ಮಟ್ಟಿಗೆ ಇದು ನಿಜ. ಆದರೆ ಕೆರೆಯ ಮೌಲ್ಯವನ್ನು ತೂಬಿನ ನೀರಿನಿಂದಷ್ಟೇ ಅಳೆದರೆ ಹೂಳಿನ ಗೋಡು ಬೆದ್ದಲಿಗೆ ಗೊಬ್ಬರವಾದದ್ದು, ಮೀನು, ದನದ ನೀರು, ಬೇಸಿಗೆಯಲ್ಲಿ ಕೆರೆಯಂಗಳದ ಹುಲ್ಲು ಇವೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಬಾವಿಯ ನೀರಾದರೂ ಬಂದದ್ದೆಲ್ಲಿಂದ? ಅದರಲ್ಲಿ ಒಂದು ಪಾಲು ಕೆರೆಯಿಂದ ಇಂಗಿದ್ದು.

ಇಂದಿನ ಸ್ಥಿತಿಯಲ್ಲಿ ಹಳೆಯ ಲೆಕ್ಕ ಇನ್ನಷ್ಟು ತೊಡಕಾಗಿರುವುದು ಇಲ್ಲಿಯೇ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಉದ್ದೇಶ ಅಂತರ್ಜಲ ಮರುಪೂರಣ. ಪಂಪು, ಕೊಳವೆ, ಸಂಸ್ಕರಣೆಯ ವೆಚ್ಚ ಸಾರ್ವಜನಿಕರದು. ಇಂಗಿದ ನೀರು ಮೇಲೆ ಬರುವುದು ಕೊಳವೆಬಾವಿ ಇರುವವನ ಹೊಲದಲ್ಲಿ, 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಸಿಗುವ ಉಚಿತ ವಿದ್ಯುತ್ತಿನಿಂದ. ದಸವಂದದ ಗದ್ದೆಯನ್ನು ಏರಿಯ ಮೇಲೆ ನಿಂತು ತೋರಿಸಬಹುದಿತ್ತು. ನೆಲದಡಿಯ ಅಚ್ಚುಕಟ್ಟಿಗೆ ಅಂಥ ಗಡಿ ಇಲ್ಲ. ಹಾಗಾಗಿ ಕೊಡುಗೆ ಜಮೀನಿನ ಪದ್ಧತಿಯನ್ನು ಹಾಗೆಯೇ ಮರಳಿ ತರಬಹುದೆಂದು ನಾನು ವಾದಿಸುತ್ತಿಲ್ಲ. ಆದರೆ ಕೆರೆಯ ಸುತ್ತ ಎಷ್ಟು ದೂರದ ಬಾವಿಗಳಲ್ಲಿ ನೀರು ಏರುತ್ತದೆ ಎಂಬುದನ್ನು ಅಳೆಯಬಹುದು. ಆ ಬಾವಿಗಳ ಫಸಲಿನಲ್ಲಿ ಹೂಳೆತ್ತುವ ಖರ್ಚಿಗೆ ಎಷ್ಟು ಪಾಲು ಬರಬೇಕು, ಬಾವಿಯೇ ಇಲ್ಲದವನಿಗೆ ಏನು ಸಲ್ಲಬೇಕು ಎಂಬ ಚರ್ಚೆ ಆ ಅಳತೆಯಿಂದಲೇ ಶುರುವಾಗಬೇಕು.