ತಂತಿಯ ನಿಧಾನ

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ಅವನ ತಲೆಯೂ ನರೆತಿದೆ. "ಸರ್, ಮನೆ ಇಂಟರ್‌ನೆಟ್ಟಿಗೆ ನೂರು ಎಂಬಿಪಿಎಸ್ ಅಂತ ತಿಂಗಳಾ ದುಡ್ಡು ಕಟ್ತಾ ಇದ್ದೀನಿ. ಮಗಳ ರೂಮಲ್ಲಿ ನೋಡಿದ್ರೆ ಹತ್ತೂ ಬರಲ್ಲ. ಇನ್ನೂರರ ಪ್ಲಾನಿಗೆ ಹೋಗೋಣ ಅಂತಿದ್ದೀನಿ, ನೀವೇನಂತೀರಿ?" ಎಂದು ಕೇಳಿದ. "ಒಂದು ವಾರ ತಡೆಯಪ್ಪ. ವೈಟ್‌ಹೌಸ್ ಮಾಡಿದ ತಪ್ಪನ್ನು ನೀನೂ ಮಾಡಬೇಡ" ಎಂದೆ. ಅಮೆರಿಕದ ಅಧ್ಯಕ್ಷರ ಮನೆಯ ಮಾತೆಂದು ಭಾವಿಸಿದನೋ ಏನೋ, ಸ್ವಲ್ಪ ಹೊತ್ತು ಸುಮ್ಮನಾದ. ಅಂದು ಫೋನಿನಲ್ಲಿ ವಿವರಿಸಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೈಲ್ಡ್‌ಮನ್ ವೈಟ್‌ಹೌಸ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಊರಿನ ಶಸ್ತ್ರವೈದ್ಯ. ವಿದ್ಯುತ್ತಿನ ಪ್ರಯೋಗಗಳಲ್ಲಿ ಅಪಾರ ಆಸಕ್ತಿಯುಳ್ಳವನು. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸಿ ಯುರೋಪನ್ನೂ ಅಮೆರಿಕವನ್ನೂ ಜೋಡಿಸಲು ಹೊರಟ ಕಂಪನಿಗೆ ಅವನೇ ವಿದ್ಯುತ್ ತಜ್ಞನಾಗಿದ್ದ. ಅದೇ ಕಂಪನಿಯ ನಿರ್ದೇಶಕರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಕೂಡ ಒಬ್ಬ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಈತನೇ. ಉಷ್ಣತೆಯ ಕೆಲ್ವಿನ್ ಮಾನವನ್ನು ನೀವು ಮರೆತಿರಲಾರಿರಿ.

ಕಂಬಗಳ ಮೇಲೆ ಎಳೆದ ತಂತಿಯಲ್ಲಿ ಸಂದೇಶ ತಟಕ್ಕನೆ ಹೋಗುತ್ತಿತ್ತು. ಅದೇ ತಂತಿಗೆ ಗಟ್ಟಾಪರ್ಚ ಎಂಬ ಮರದ ಅಂಟನ್ನು ಹೊದಿಸಿ ನೆಲದೊಳಗೋ ನೀರಿನೊಳಗೋ ಹಾಕಿದಾಗ ಮಾತ್ರ ಸಂಕೇತಗಳು ತಡವಾಗಿ, ಒಂದರೊಳಗೊಂದು ಕಲೆಸಿಕೊಂಡು ಬರುತ್ತಿದ್ದವು. ಕಾರಣವನ್ನು 1854ರಲ್ಲಿ ಫ್ಯಾರಡೆ ವಿವರಿಸಿದ. ಒಳಗೆ ತಾಮ್ರ, ನಡುವೆ ಅವಾಹಕ, ಹೊರಗೆ ಸಮುದ್ರದ ನೀರು. ಇಡೀ ಕೇಬಲ್ಲೇ ಒಂದು ಉದ್ದನೆಯ ಲೇಡನ್ ಜಾಡಿಯಂತೆ ವಿದ್ಯುದಾವೇಶವನ್ನು ತುಂಬಿಕೊಳ್ಳುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟ ಕಾಲುವೆಗೆ ತೂಬು ತೆಗೆದು ನೀರು ಬಿಟ್ಟದ್ದನ್ನು ನೋಡಿದ್ದೀರಲ್ಲವೆ? ಮೊದಲು ಮಣ್ಣು ಕುಡಿಯಬೇಕು; ಕೊನೆಯ ಗದ್ದೆಗೆ ನೀರು ಮುಟ್ಟುವುದು ಆಮೇಲೆ. ತೂಬು ಮುಚ್ಚಿದ ಮೇಲೂ ಬಹಳ ಹೊತ್ತು ನೀರು ಒಸರುತ್ತಲೇ ಇರುತ್ತದೆ. ಅದು ಇಂಗುವವರೆಗೆ ಎರಡನೆಯ ಸಂಕೇತ ಕಳಿಸಿದರೆ ಎರಡೂ ಕೆಡುತ್ತವೆ.

ಥಾಮ್ಸನ್ ಇದಕ್ಕೆ ಲೆಕ್ಕ ಹಾಕಿ ತೋರಿಸಿದ. ತಂತಿ ಉದ್ದವಾದಂತೆ ರೋಧವೂ ಹೆಚ್ಚುತ್ತದೆ, ಆವೇಶ ಹಿಡಿಯುವ ಶಕ್ತಿಯೂ ಹೆಚ್ಚುತ್ತದೆ. ಆದುದರಿಂದ ಉದ್ದ ಇಮ್ಮಡಿಯಾದರೆ ನಿಧಾನ ನಾಲ್ಕು ಪಟ್ಟು. ಪರಿಹಾರವೆಂದರೆ ದಪ್ಪ ತಾಮ್ರ, ದಪ್ಪ ಹೊದಿಕೆ, ಈ ಕಡೆಯಿಂದ ಮೆಲ್ಲನೆಯ ಸಂಕೇತ, ಆ ಕಡೆ ಅದನ್ನು ಗುರುತಿಸಬಲ್ಲ ಸೂಕ್ಷ್ಮ ಉಪಕರಣ. ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ತನ್ನ ಪ್ರಯೋಗಗಳಲ್ಲಿ ಅಂಥ ವರ್ಗನಿಯಮ ಕಾಣುವುದಿಲ್ಲವೆಂದು 1856ರಲ್ಲಿ ಬಹಿರಂಗವಾಗಿಯೇ ವಾದಿಸಿದ. ಬೇಕಾದದ್ದು ಒತ್ತಡ, ಬಲವಾಗಿ ನೂಕಿದರೆ ಸಂಕೇತ ಹೋಗಿಯೇ ಹೋಗುತ್ತದೆ ಎಂಬುದು ಅವನ ನಂಬಿಕೆ. ಕಂಪನಿಗೆ ಅವಸರ, ತೆಳು ತಂತಿಯ ಕೇಬಲ್ಲೇ ತಯಾರಾಯಿತು.

1858ರ ಆಗಸ್ಟ್ 5ರಂದು ಐರ್ಲೆಂಡಿನ ವೆಲೆನ್ಷಿಯಾದಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ ಸುಮಾರು 2,000 ಮೈಲಿಗಳ ಕೇಬಲ್ ಹಾಸಿ ಮುಗಿಯಿತು. ಅಮೆರಿಕದಲ್ಲಿ ಗಂಟೆ ಬಾರಿಸಿದರು, ಪಟಾಕಿ ಸುಟ್ಟರು. ವಿಕ್ಟೋರಿಯಾ ರಾಣಿ ಅಧ್ಯಕ್ಷ ಬುಕ್ಯಾನನ್‌ಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು 98 ಶಬ್ದ. ಅದು ತಲುಪಲು ಹಿಡಿದದ್ದು ಸುಮಾರು 16 ಗಂಟೆ. ಒಂದು ಶಬ್ದಕ್ಕೆ ಹತ್ತು ನಿಮಿಷವೆಂದಾಯಿತು. ಶುಭಾಶಯಕ್ಕೆ ಇಷ್ಟು ಸಾಕೆನ್ನಬಹುದು, ವ್ಯಾಪಾರಕ್ಕೆ ಸಾಲದು.

ನಿಧಾನವನ್ನು ನೀಗಲು ವೈಟ್‌ಹೌಸ್ ಮಾಡಿದ್ದೇನು? ಐದು ಅಡಿ ಉದ್ದದ ಪ್ರೇರಣ ಸುರುಳಿಗಳಿಂದ ಸುಮಾರು 2,000 ವೋಲ್ಟ್ ಒತ್ತಡವನ್ನು ಆ ಬಡ ಕೇಬಲ್ಲಿಗೆ ಹಾಯಿಸಿದ. ಹೊದಿಕೆ ದುರ್ಬಲವಾಗಿದ್ದ ಜಾಗಗಳು ಇನ್ನಷ್ಟು ಕೆಟ್ಟವು. ವಾಸ್ತವದಲ್ಲಿ ಸಂದೇಶಗಳನ್ನು ಗುರುತಿಸುತ್ತಿದ್ದುದು ಥಾಮ್ಸನ್ನನ ಕನ್ನಡಿ ಗ್ಯಾಲ್ವನೋಮೀಟರು. ಕೂದಲೆಳೆಯಷ್ಟು ಪ್ರವಾಹಕ್ಕೂ ಅದರ ಪುಟ್ಟ ಕನ್ನಡಿ ಅಲುಗಿ, ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಅತ್ತಿತ್ತ ಸರಿಯುತ್ತಿತ್ತು. ವೈಟ್‌ಹೌಸ್ ಇದನ್ನು ಮುಚ್ಚಿಟ್ಟು ತನ್ನ ಉಪಕರಣಗಳೇ ಕೆಲಸ ಮಾಡುತ್ತಿವೆಯೆಂದು ಕಂಪನಿಗೆ ತಿಳಿಸುತ್ತಿದ್ದ. ಆ ತಿಂಗಳೇ ಅವನ ಕೆಲಸ ಹೋಯಿತು, ಕೆಲವೇ ದಿನಗಳಲ್ಲಿ ಕೇಬಲ್ಲೂ ಸತ್ತಿತು. ತಯಾರಿಕೆಯಲ್ಲಿಯೇ ಅದರಲ್ಲಿ ದೋಷಗಳಿದ್ದವು. ಎಲ್ಲವನ್ನೂ ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆ ಅಲ್ಪಾಯುಷ್ಯದಲ್ಲಿ ಅದು ಮಾಡಿದ ಒಂದು ಕೆಲಸಕ್ಕೆ ನಮ್ಮ ದೇಶದ ನಂಟಿದೆ. 1857ರ ದಂಗೆಯ ಕಾರಣ ಕೆನಡಾದಿಂದ ಹಿಂದಕ್ಕೆ ಕರೆಸಿಕೊಂಡಿದ್ದ ಎರಡು ರೆಜಿಮೆಂಟುಗಳಿಗೆ, ಇನ್ನು ಹೊರಡಬೇಕಾಗಿಲ್ಲ ಎಂಬ ಆಜ್ಞೆ ಹೋದದ್ದು ಈ ಕೇಬಲ್ಲಿನಲ್ಲೇ. ಅದೊಂದರಿಂದಲೇ ಬ್ರಿಟಿಷ್ ಸರ್ಕಾರಕ್ಕೆ 50,000 ಪೌಂಡಿಗೂ ಕಡಿಮೆಯಿಲ್ಲದ ಖರ್ಚು ಉಳಿಯಿತೆನ್ನುತ್ತಾರೆ.

ವಿಚಾರಣಾ ಸಮಿತಿ ಕುಳಿತಿತು. 1861ರಲ್ಲಿ ಅದರ ವರದಿ ಬಂತು. ಕೇಬಲ್ಲನ್ನು ತಯಾರಿಸುವಾಗಲೂ ಹಾಸುವಾಗಲೂ ಹೆಜ್ಜೆ ಹೆಜ್ಜೆಗೆ ಅಳೆಯಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆದರೆ ಯಾವ ಅಳತೆಗೋಲಿನಿಂದ? ರೋಧಕ್ಕೆ ಎಲ್ಲರೂ ಒಪ್ಪಿದ ಮೂಲಮಾನವೇ ಇರಲಿಲ್ಲ. ಅದೇ 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಥಾಮ್ಸನ್ನನ ಸಲಹೆಯಂತೆ ಇದಕ್ಕೊಂದು ಸಮಿತಿ ಮಾಡಿತು. ಹತ್ತನೆಯ ತರಗತಿಯಲ್ಲಿ ನಿಮ್ಮಿಂದ ಬಾಯಿಪಾಠ ಮಾಡಿಸಿದ ಆ 'ಓಮ್' ಇದೆಯಲ್ಲ, ಅದು ನೆಲೆಗೊಂಡದ್ದು ಹೀಗೆ. ಮೈಲಿಗೆ ಇಷ್ಟು ರೋಧವೆಂದು ಗೊತ್ತಿದ್ದರೆ, ದಡದಲ್ಲಿ ಕುಳಿತು ಅಳೆದು, ಸಮುದ್ರದಲ್ಲಿ ಕೇಬಲ್ ಎಷ್ಟು ದೂರದಲ್ಲಿ ಕೆಟ್ಟಿದೆ ಎಂದು ಹೇಳಬಹುದು. ಇದನ್ನು ನಾನು ಪಾಠ ಮಾಡುವಾಗ ಒಮ್ಮೆಯೂ ಹೇಳಲಿಲ್ಲ. ನನಗೇ ಆಗ ತಿಳಿದಿರಲಿಲ್ಲ. 1866ರಲ್ಲಿ 'ಗ್ರೇಟ್ ಈಸ್ಟರ್ನ್' ಹಡಗು ಹಾಸಿದ ಕೇಬಲ್ಲಿನಲ್ಲಿ ತಾಮ್ರದ ತೂಕ ಹೆಚ್ಚುಕಡಿಮೆ ಮೂರು ಪಟ್ಟು. ನಿಮಿಷಕ್ಕೆ ಎಂಟು ಶಬ್ದ ಹೋಗತೊಡಗಿತು.

ಈ ಚರಿತ್ರೆಯನ್ನು ನಾನು ಓದಿದ್ದು ಒಂದು ಅವಮಾನದ ನಂತರ. 2009ರ ಮಳೆಗಾಲ. ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದುದು ದೂರವಾಣಿಯ ಜೋಡಿ ತಾಮ್ರದ ತಂತಿಯಲ್ಲಿ. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ನಮಗೆ ಅದೂ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿದ್ದ ತಂಗಿಯ ಮಗಳಿಗೆ ಆಗ ಹೆರಿಗೆಯಾಗಿತ್ತು. ಮರಿಮಗುವನ್ನು ನೋಡಲು ನನ್ನ ತಾಯಿ ಪ್ರತಿ ಭಾನುವಾರ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. "ಮಗು ಕಲ್ಲಾಗಿ ನಿಂತ್ಬಿಡತ್ತಲ್ಲೋ" ಎನ್ನುತ್ತಿದ್ದರು.

ನಾನು ದೊಡ್ಡ ಪ್ಲಾನಿಗೆ ಹಣ ಕಟ್ಟಿದೆ. ಮೊದಲು ನಿಧಾನವಾದರೂ ಇರುತ್ತಿದ್ದ ಸಂಪರ್ಕ ಈಗ ಗಂಟೆಗೆ ಹತ್ತು ಸಲ ಕಡಿದುಹೋಗತೊಡಗಿತು. ದೂರು ಕೊಟ್ಟಾಗ ಬಂದ ಹುಡುಗನನ್ನು, ತರಗತಿಯಲ್ಲಿ ನಿಮ್ಮನ್ನು ಗದರಿಸುತ್ತಿದ್ದ ಧ್ವನಿಯಲ್ಲಿಯೇ ಗದರಿಸಿ ಕಳಿಸಿದೆ. ಮೂರನೆಯ ಸಲ ಬಂದವರು ನಿವೃತ್ತಿಯ ಅಂಚಿನಲ್ಲಿದ್ದ ಲೈನ್‌ಮನ್. ಅವರು ಮಾತಾಡಲಿಲ್ಲ. ಮೋಡೆಮ್ಮಿನ ಪುಟವನ್ನು ಕಂಪ್ಯೂಟರಿನಲ್ಲಿ ತೆರೆಸಿ ಒಂದು ಅಂಕಿ ತೋರಿಸಿದರು. ಗದ್ದಲಕ್ಕಿಂತ ಸಂಕೇತ ಎಷ್ಟು ಮೇಲಿದೆ ಎಂಬುದರ ಲೆಕ್ಕವದು, ಡೆಸಿಬೆಲ್‌ನಲ್ಲಿ. ಆರಕ್ಕಿಂತ ಕೆಳಗಿಳಿದರೆ ಲೈನು ನಿಲ್ಲುವುದು ಕಷ್ಟವಂತೆ. ನಮ್ಮದು ನಾಲ್ಕು ಇತ್ತು. ಆಮೇಲೆ ಹೊರಗೆ ಹೋಗಿ ತಂತಿ ಮನೆಯೊಳಗೆ ಬರುವ ಪೆಟ್ಟಿಗೆ ಬಿಚ್ಚಿ ಒಂದು ಎಳೆಯನ್ನು ಕಳಚಿದರು. ಅಂಕಿ ಹನ್ನೆರಡಾಯಿತು.

"ಮೇಷ್ಟ್ರೇ, ಇದನ್ನ ಯಾರು ಎಳೆದಿದ್ದು?"

"ನಾನೇ" ಎಂದೆ.

ತಾಯಿಯ ಕೋಣೆಗೆ ಇನ್ನೊಂದು ಫೋನ್ ಇರಲೆಂದು ಸಾಧಾರಣ ವಿದ್ಯುತ್ ತಂತಿಯನ್ನು ಸೂರಿನಡಿ ಎಳೆದು ಜೋಡಿಸಿದ್ದೆ. ಮಾತು ಹೋಗುವುದು 4 ಕಿಲೋಹರ್ಟ್ಸಿನ ಕೆಳಗೆ. ಇಂಟರ್‌ನೆಟ್ಟಿನ ಸಂಕೇತ ಅದರ ಮೇಲೆ, 1.1 ಮೆಗಾಹರ್ಟ್ಸಿನವರೆಗೆ. ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಗಿಂತ ಮುಂಚೆಯೇ ನನ್ನ ತಂತಿ ಕವಲೊಡೆದಿತ್ತು. ಹೆಣೆಯದ ಆ ತಂತಿ ಸುತ್ತಲಿನ ಗದ್ದಲವನ್ನೆಲ್ಲ ಹೀರುತ್ತಿತ್ತು. ಮಳೆಗೆ ನೆನೆದ ಗಂಟಿನಲ್ಲಿ ಹಸಿರು ಕಿಲುಬು ಬೇರೆ. ಹೆಚ್ಚಿನ ವೇಗದ ಪ್ಲಾನು ಆ ರೋಗಿಷ್ಠ ತಂತಿಯಿಂದ ಮತ್ತಷ್ಟು ದುಡಿಮೆ ಕೇಳಿ ಅದನ್ನು ಬೀಳಿಸುತ್ತಿತ್ತು. ಭೌತಶಾಸ್ತ್ರ ಕಲಿಸುವ ನನಗೆ, ಪ್ಲಾನ್ ಬದಲಿಸುವ ಮುನ್ನ ಆ ಪುಟವನ್ನೊಮ್ಮೆ ನೋಡಬೇಕೆಂದು ಹೊಳೆದಿರಲಿಲ್ಲ. ಮುಂದಿನ ಭಾನುವಾರ ಮಗು ಆಕಳಿಸಿದ್ದು ತಾಯಿಗೆ ಪೂರ್ತಿ ಕಾಣಿಸಿತು. ಗದರಿಸಿಕೊಂಡು ಹೋದ ಹುಡುಗ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ; ಅದು ಇಂದಿಗೂ ಚುಚ್ಚುತ್ತದೆ.

ಇನ್ನು ನನ್ನ ವಿದ್ಯಾರ್ಥಿಯ ವಿಷಯ. ಅವನ ಮನೆಗೆ ಬಂದಿರುವುದು ಗಾಜಿನ ಎಳೆ. ಥಾಮ್ಸನ್ನನ ವರ್ಗನಿಯಮಕ್ಕೆ ಅಲ್ಲಿ ಕೆಲಸವಿಲ್ಲ. ಆದರೂ ಅಳೆಯುವುದು ತಪ್ಪದು. ಒಂದು ಲ್ಯಾನ್ ಕೇಬಲ್ ಕೊಂಡು ಕಂಪ್ಯೂಟರನ್ನು ನೇರವಾಗಿ ರೌಟರಿಗೆ ಜೋಡಿಸಿ ನೋಡು, ಆಮೇಲೆ ವೈಫೈನಲ್ಲಿ ರೌಟರಿನ ಪಕ್ಕದಲ್ಲೇ ನಿಂತು ನೋಡು, ಕೊನೆಗೆ ಮಗಳ ಕೋಣೆಯಲ್ಲಿ ನೋಡು, ಮೂರನ್ನೂ ಬರೆದಿಡು ಎಂದು ಹೇಳಿದ್ದೆ. ಮೊನ್ನೆ ಫೋನ್ ಮಾಡಿದ. ಕೇಬಲ್ಲಿನಲ್ಲಿ 94, ಪಕ್ಕದಲ್ಲಿ 80, ಕೋಣೆಯಲ್ಲಿ 8.

"ರೌಟರ್ ಎಲ್ಲಿಟ್ಟಿದ್ದೀಯಪ್ಪ?" ಎಂದು ಕೇಳಿದೆ.

"ಕಾಣಿಸಬಾರದು ಅಂತ ನಮ್ಮನೆಯವಳು ಸ್ಟೀಲ್ ಬೀರುವಿನ ಹಿಂದೆ ಇಡಿಸಿದ್ದಾಳೆ ಸರ್" ಎಂದ.