ಬೇಡದ ಟಪಾಲು

ನಮ್ಮ ತಂದೆಯವರ ಕಾಲದಲ್ಲಿ ಮನೆಗೆ ಬಂದ ಕಾಗದಗಳನ್ನೆಲ್ಲ ಪಡಸಾಲೆಯ ಗೋಡೆಗೆ ತೂಗುಹಾಕಿದ ಕೊಕ್ಕೆ ತಂತಿಯೊಂದಕ್ಕೆ ಪೋಣಿಸಿಡುವ ಪದ್ಧತಿಯಿತ್ತು. ವರ್ಷವಿಡೀ ಬಂದ ಪತ್ರಗಳು ಆ ಒಂದು ಗೇಣು ತಂತಿಯಲ್ಲಿ ಅಡಗುತ್ತಿದ್ದವು. ಅವರು ತೀರಿಕೊಂಡು 11 ವರ್ಷಗಳಾದ ಮೇಲೆ ಈಗ ತಿಂಗಳು ತಿಂಗಳೂ ಅವರ ಹೆಸರಿಗೆ ಒಂದು ಸಂಸ್ಥೆಯಿಂದ ಸಾಲ ಪಡೆಯಿರೆಂಬ ಆಹ್ವಾನ ಬರುತ್ತಿದೆ. ಲಕೋಟೆಯೊಳಗೆ ನಾಲ್ಕು ಬಣ್ಣದ ಹಾಳೆಗಳು. ಹಿಂಬದಿಯಲ್ಲಿ ಹಾಲಿನ ಲೆಕ್ಕವನ್ನಾದರೂ ಬರೆಯೋಣವೆಂದರೆ ಆ ನುಣುಪಿಗೆ ಶಾಯಿ ಹತ್ತದು. ಯಾವ ಕಾಡಿನ ಮರವೋ, ಯಾವ ಹೊಳೆಯ ನೀರೋ, ನಮ್ಮ ಮನೆಯ ಬಾಗಿಲಿನಿಂದ ಕಸದ ಬುಟ್ಟಿಯವರೆಗಿನ ಹತ್ತು ಹೆಜ್ಜೆಗಾಗಿ ಖರ್ಚಾಯಿತಲ್ಲ ಎಂದು ಸಂಕಟವಾಗುತ್ತದೆ.

ಬೇಡದ ಕಾಗದವನ್ನು ಬೇಡವೆನ್ನುವ ಹಕ್ಕು ಯಾರದು? ಅಮೆರಿಕದಲ್ಲಿ ಈ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ ಬೆಂಕಿಯದು.

1835ರ ಬೇಸಿಗೆ. ಗುಲಾಮಗಿರಿಯ ನಿರ್ಮೂಲನೆಗೆಂದು ಎರಡು ವರ್ಷಗಳ ಹಿಂದೆ ಹುಟ್ಟಿದ್ದ ಸಂಘವೊಂದು ನ್ಯೂಯಾರ್ಕಿನಲ್ಲಿತ್ತು. ಅದರ ಬೆನ್ನಿಗಿದ್ದವರು ಆರ್ಥರ್ ಮತ್ತು ಲೂಯಿಸ್ ಟ್ಯಾಪನ್ ಎಂಬ ವರ್ತಕ ಸೋದರರು. ಉಗಿಯಂತ್ರದಿಂದ ಮುದ್ರಣ ಅಗ್ಗವಾಗಿತ್ತು. ದಕ್ಷಿಣ ಸೀಮೆಯ ಪಾದ್ರಿಗಳು, ಅಧಿಕಾರಿಗಳು, ಗಣ್ಯರು ಮುಂತಾದವರ ಹೆಸರುಗಳನ್ನು ಕಲೆಹಾಕಿ, ಅವರಲ್ಲಿ ಯಾರೊಬ್ಬರೂ ಕೇಳದಿದ್ದರೂ, ಸಾವಿರಗಟ್ಟಲೆ ಪತ್ರಿಕೆಗಳನ್ನೂ ಕಿರುಹೊತ್ತಗೆಗಳನ್ನೂ ಅಂಚೆಗೆ ಹಾಕಿದರು. ವಿಳಾಸಪಟ್ಟಿ ಹಿಡಿದು ಅಪರಿಚಿತರ ಮನೆಗೆ ಕಾಗದ ನುಗ್ಗಿಸುವ ವಿದ್ಯೆಗೆ ಇದನ್ನೇ ಮೊದಲ ದೊಡ್ಡ ಪ್ರಯೋಗವೆಂದು ಹೇಳುವವರುಂಟು.

ಜುಲೈ 29ರಂದು ಆ ಚೀಲಗಳು ಹಡಗಿನಲ್ಲಿ ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್ ತಲಪಿದವು. ಪೋಸ್ಟ್‌ಮಾಸ್ಟರು ಅವನ್ನು ಬೇರ್ಪಡಿಸಿ ಇರಿಸಿದರು. ಆ ರಾತ್ರಿಯೇ ಒಂದು ಗುಂಪು ಅಂಚೆ ಕಚೇರಿಗೆ ನುಗ್ಗಿ ಚೀಲವನ್ನು ಎತ್ತಿಕೊಂಡು ಹೋಯಿತು. ಮರುದಿನ ರಾತ್ರಿ ಸಾವಿರಾರು ಜನರ ಎದುರಿಗೆ ಅದು ಉರಿಯಿತು. ಜೊತೆಗೆ ಆರ್ಥರ್ ಟ್ಯಾಪನ್ ಹಾಗೂ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಪ್ರತಿಕೃತಿಗಳೂ ಉರಿದವು.

ಅಂದಿನ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ಅವರು ತಮ್ಮ ಪೋಸ್ಟ್‌ಮಾಸ್ಟರ್ ಜನರಲ್ ಏಮಸ್ ಕೆಂಡಾಲರಿಗೆ ಬರೆದು ತಿಳಿಸಿದ ಉಪಾಯ ಕೇಳಿರಿ: ಚಂದಾದಾರರೆಂದು ಮುಂದೆ ಬಂದು ಕೇಳಿದವರಿಗೆ ಮಾತ್ರ ಆ ಕಾಗದಗಳನ್ನು ಕೊಡತಕ್ಕದ್ದು, ಹಾಗೆ ಕೇಳಿದವರ ಹೆಸರುಗಳನ್ನು ವೃತ್ತಪತ್ರಿಕೆಗಳಲ್ಲಿ ಪ್ರಕಟಿಸತಕ್ಕದ್ದು! ಆ ವರ್ಷದ ಡಿಸೆಂಬರಿನಲ್ಲಿ ಇಂಥ ಟಪಾಲನ್ನು ತಡೆಯುವ ಕಾಯಿದೆಯೇ ಬೇಕೆಂದು ಅವರು ಕಾಂಗ್ರೆಸ್ಸನ್ನು ಕೇಳಿದರು. ಕಾಂಗ್ರೆಸ್ ಒಪ್ಪಲಿಲ್ಲ. ಮೇಲಾಗಿ 1836ರಲ್ಲಿ ಟಪಾಲನ್ನು ಅಕ್ರಮವಾಗಿ ತಡೆಹಿಡಿಯುವ ಪೋಸ್ಟ್‌ಮಾಸ್ಟರಿಗೆ ಶಿಕ್ಷೆಯೆಂದು ವಿಧಿಸಿತು. ದಕ್ಷಿಣದ ಕಚೇರಿಗಳಲ್ಲಿ ಆ ವಿಧಿ ಕಾಗದದ ಮೇಲೆಯೇ ಉಳಿಯಿತೆನ್ನಿ. ತಂದೆಯವರ ಹೆಸರಿನ ಲಕೋಟೆಯನ್ನು ಹರಿದೆಸೆಯುವಾಗಲೆಲ್ಲ ನನಗೆ ಈ ಕಥೆ ನೆನಪಾಗಿ ಕೈ ಕೊಂಚ ಹಿಂಜರಿಯುತ್ತದೆ. ಅಂದು ಕಸವೆಂದು ಸುಟ್ಟದ್ದರಲ್ಲಿ ಲಕ್ಷಾಂತರ ಜನರ ಬಿಡುಗಡೆಯ ಮಾತಿತ್ತು.

ಆಮೇಲೆ ಬಂದವರು ವ್ಯಾಪಾರಿಗಳು. 1872ರಲ್ಲಿ ಶಿಕಾಗೊ ನಗರದ ಏರನ್ ಮಾಂಟ್ಗೊಮರಿ ವಾರ್ಡ್ ಎಂಬಾತ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹಳ್ಳಿಯ ರೈತರಿಗೆ ಕಳುಹಿಸಿದ. ಅದು ಉಪಕಾರವೇ ಆಗಿದ್ದಿರಬೇಕು, ಏಕೆಂದರೆ ಜನ ಕೊಂಡರು. ಮುಂದೆ ಆ ಒಂದು ಹಾಳೆ ದಪ್ಪ ಗ್ರಂಥವಾಯಿತು, ಅನುಕರಿಸುವವರು ಹುಟ್ಟಿದರು, ವಿಳಾಸಪಟ್ಟಿಗಳೇ ಮಾರಾಟದ ಸರಕಾದವು.

ಬೇಸತ್ತ ಗೃಹಸ್ಥನಿಗೆ ಆಸರೆ ದೊರೆತದ್ದು 1967ರ ಕಾಯಿದೆಯೊಂದರಲ್ಲಿ. ಅದು ಹೊರಟಿದ್ದು ಅಶ್ಲೀಲ ಜಾಹೀರಾತುಗಳ ಮೇಲೆ. ಆದರೆ ಯಾವುದು ಕಾಮೋದ್ರೇಕಕಾರಿ ಎಂಬ ತೀರ್ಮಾನವನ್ನು ಕಾಯಿದೆ ಪೂರ್ತಿಯಾಗಿ ಕಾಗದ ಪಡೆದವನಿಗೇ ಬಿಟ್ಟಿತು. ಟಪಾಲು ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 1970ರಲ್ಲಿ ರೋವನ್ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯದಲ್ಲಿ ಮುಖ್ಯ ನ್ಯಾಯಾಧೀಶ ವಾರನ್ ಬರ್ಗರ್ ಬರೆದ ತೀರ್ಪು, ಕಳುಹಿಸುವವನ ಹಕ್ಕು ಒಲ್ಲದವನ ಟಪಾಲು ಪೆಟ್ಟಿಗೆಯ ಬಳಿ ನಿಲ್ಲಬೇಕೆಂದಿತು. ಬಟ್ಟೆಯಂಗಡಿಯ ಬೆಲೆಪಟ್ಟಿಯನ್ನು ಕೂಡ ಹೀಗೆ ನಿಲ್ಲಿಸಬಹುದೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಗೃಹಸ್ಥನ ಮನಸ್ಸಿನೊಳಗೆ ಇಣುಕಿ ನೋಡಲು ಸರ್ಕಾರಕ್ಕೆ ಅಧಿಕಾರವಿಲ್ಲವಷ್ಟೆ. ಚಾರ್ಲ್ಸ್‌ಟನ್ನಿನಲ್ಲಿ ಗುಂಪು ಕಸಿದುಕೊಂಡಿದ್ದ ತೀರ್ಮಾನ 135 ವರ್ಷಗಳ ತರುವಾಯ ಮನೆಯವನ ಕೈಗೆ ಬಂತು.

ಬಂತಾದರೂ, ಬೇಡವೆಂದು ಬರೆಯುವ ಶ್ರಮ ಅವನದೇ. ಬರೆಯದೆ ಸುಮ್ಮನಿದ್ದವನ ಮನೆಗೆ ಕಾಗದ ಬರುತ್ತಲೇ ಇತ್ತು. ಈ ಲೆಕ್ಕವನ್ನು ತಿರುಗಿಸಿದ್ದು ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರ. 2018ರ ಜನವರಿಯಿಂದ ಅಲ್ಲಿ ವಿಳಾಸವಿಲ್ಲದ ಜಾಹೀರಾತು ಹಂಚುವವರು ಬಾಗಿಲಿನ ಮೇಲೆ ‘ಹೌದು’ ಎಂಬ ಚೀಟಿಯಿದ್ದರೆ ಮಾತ್ರ ಹಾಕಬೇಕು. ಚೀಟಿಯಿಲ್ಲವೆಂದರೆ ಬೇಡವೆಂದೇ ಅರ್ಥ. ಕಾಗದದ ಕಸ ಕಡಿಮೆ ಮಾಡುವುದೇ ಉದ್ದೇಶ. ಮುದ್ರಣದವರೂ ಹಂಚುವವರೂ ಜೀವನೋಪಾಯ ಹೋಯಿತೆಂದು ದಾವೆ ಹೂಡಿದರು, ಅವರ ಅಳಲೂ ಸುಳ್ಳಲ್ಲ. 2021ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ನಗರದ ಪರ ನಿಂತಿತು.

ಕೇಳಿದವರಿಗೆ ಮಾತ್ರ ಕೊಡು ಎಂಬುದು ಜ್ಯಾಕ್ಸನ್ನರ ಮಾತೂ ಆಗಿತ್ತು ಎಂಬುದು ನನ್ನನ್ನು ಇನ್ನೂ ಕಾಡುತ್ತದೆ. ಆಮ್‌ಸ್ಟರ್‌ಡಾಮಿನಲ್ಲಿ ‘ಹೌದು’ ಎಂದವನ ಹೆಸರನ್ನು ಯಾರೂ ಪತ್ರಿಕೆಯಲ್ಲಿ ಹಾಕುವುದಿಲ್ಲ. ಅಷ್ಟು ವ್ಯತ್ಯಾಸ ಸಾಕೆಂದು ನನ್ನ ಎಣಿಕೆ.

ಹೆಸರು ಬರೆದ ಲಕೋಟೆಗಳಿಗೆ ಆ ಚೀಟಿ ಅನ್ವಯಿಸದು. ಹೀಗಾಗಿ ನಮ್ಮ ತಂದೆಯವರಿಗೆ ಅಲ್ಲಿಯೂ ಸಾಲದ ಆಹ್ವಾನ ಬರುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ನಿಲ್ಲಿಸಿರೆಂದು ನಾನು ಆ ಸಂಸ್ಥೆಗೆ ಬರೆದೆ. ಉತ್ತರ ಬಂದಿದೆ, ಎರಡು ಪುಟ, ಅದೇ ನುಣುಪು ಕಾಗದ: ಕೋರಿಕೆಗೆ ವಿಳಾಸದಾರರ ಸಹಿ ಬೇಕಂತೆ.